ಕಸಿಮೀರತ್ತೆ ಮೆತ್ತಿದ ಗೋಡೆಗಳು

ಈಸ್ಟರ್ ಹಬ್ಬದ ಹಿಂದಿನ ವಾರ ನಮ್ಮ ಲಾ ವೆಗಿಟಾದಲ್ಲಿ ಯಾವ ಮನೆಗೆ ಹೋದರೂ ಕೂರಲು ಜಾಗ ಸಿಗುತ್ತಿರಲಿಲ್ಲ. ಪೆಟ್ಟಿಗೆ, ಕಂಬಳಿ, ಕೆಂಪು ಮೆಣಸಿನಕಾಯಿಯ ಸರ, ಮರದ ಸಂತರು ಎಲ್ಲವೂ ಅಂಗಳಕ್ಕೆ ಬಂದಿರುತ್ತಿದ್ದವು. ಒಳಗೆ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಸುಟ್ಟು ಪುಡಿ ಮಾಡಿದ ಬಿಳಿಗಲ್ಲನ್ನು ಗೋಧಿ ಗಂಜಿಯಲ್ಲಿ ಕಲಸಿ, ಕುರಿಚರ್ಮದ ತುಂಡಿನಿಂದ ಗೋಡೆಗೆ ಬಳಿಯುತ್ತಿದ್ದರು. ಗಂಡಸರು ಬೇಲಿಯ ಪಕ್ಕ ಕೂತು ಹೊಗೆಸೊಪ್ಪು ಸೇದುತ್ತ, ಊಟ ತಡವಾಯಿತೆಂದು ಗೊಣಗುತ್ತಿದ್ದರು. ಗೋಡೆ ನಮ್ಮಲ್ಲಿ ಹೆಂಗಸರ ಕೆಲಸ. ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ ಹೊರುವವನು, ತೊಲೆ ಏರಿಸುವವನು ಗಂಡಸು. ಅದರ ಮೇಲಿನ ಮಣ್ಣು, ಸುಣ್ಣ, ನುಣುಪು ಎಲ್ಲ ಹೆಂಗಸಿನದು.

ಆ ಕೆಲಸದಲ್ಲಿ ನನ್ನ ಅತ್ತೆ ಕಸಿಮೀರಾ ಬೆರ್ನಾಲ್‌ಳನ್ನು ಮೀರಿಸಿದವರು ರಿಯೊ ಗ್ರಾಂಡೆ ನದಿಯ ಎರಡೂ ದಡದಲ್ಲಿ ಇರಲಿಲ್ಲ. ಅವಳು ನನ್ನ ತಂದೆಯ ಅಕ್ಕ. ನಾನು ಹುಟ್ಟಿದ ವಾರವೇ ನನ್ನ ತಾಯಿ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವಳು ಅವಳೇ. ಕುಳ್ಳಗೆ, ಅಗಲ ಭುಜದ ಹೆಂಗಸು. ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡದೆ ಕಲಸುತ್ತಿರಲಿಲ್ಲ. "ಉಪ್ಪಿದೆ, ಎರಡು ಮಳೆಗೆ ಉದುರುತ್ತೆ" ಎಂದು ಉಗಿದಳೆಂದರೆ ಇಡೀ ಗಾಡಿ ಮಣ್ಣು ಹಿಂದಕ್ಕೆ ಹೋಗಬೇಕಿತ್ತು. ಅವಳ ಎದುರು ಮಣ್ಣು ತಂದ ಗಂಡಸರು ತಪ್ಪು ಲೆಕ್ಕ ಬರೆದ ಮಕ್ಕಳ ಹಾಗೆ ನಿಂತಿರುತ್ತಿದ್ದರು.

ಅವಳು ಹುಟ್ಟಿದ್ದು ದಕ್ಷಿಣದ ಎಲ್ ಪಾಸೊದಲ್ಲಿ. ಮದುವೆಯಾಗಿ ಎರಡು ವರ್ಷಕ್ಕೆ, ಅಲ್ಲಿ ಹೊಲ ಸಾಲದೆ, ಮೂವತ್ತು ಕುಟುಂಬಗಳ ಜೊತೆ ಮೇಲಕ್ಕೆ ಬಂದು ನದಿಯ ಪೂರ್ವ ದಡದಲ್ಲಿ ಎಲ್ ಸೌಸಾಲ್ ಎಂಬ ಊರು ಕಟ್ಟಿದರು. ಗಂಡ ಪ್ಲಾಸಿದೊ ಕಾಲುವೆ ತೋಡುವುದರಲ್ಲಿ ನಿಪುಣ. ಮಾತು ಕಡಿಮೆ, ಹಠ ಹೆಚ್ಚು. ಅತ್ತೆಯ ಅಕ್ಕ ಎವುಲಾಲಿಯಾ, ತಮ್ಮನಾದ ನನ್ನ ತಂದೆ ನಿಕಾನೋರ್ ಕೂಡ ಜೊತೆಗೆ ಬಂದಿದ್ದರು. ಆ ಊರಿನಲ್ಲಿ ಅತ್ತೆ ಎರಡು ಕೋಣೆಯ ಮನೆ ಕಟ್ಟಿದಳು, ಎರಡು ಕೂಸುಗಳನ್ನು ಹೆತ್ತು ಎರಡನ್ನೂ ಮಣ್ಣು ಮಾಡಿದಳು. ಮತ್ತೆ ಮಕ್ಕಳಾಗಲಿಲ್ಲ.

ಆಗ ನಾವು ಮೆಕ್ಸಿಕೊದವರು; ಅಮೆರಿಕದೊಡನೆ ಯುದ್ಧ ಬಂದು ಹೋಯಿತು. ನಮ್ಮ ಊರಿನವರು ಕಂಡದ್ದು ಧೂಳು ಮತ್ತು ಕುದುರೆಗಳನ್ನು ಮಾತ್ರ. ಆಮೇಲೆ ದೂರದಲ್ಲಿ ಯಾರೋ ಕಾಗದಕ್ಕೆ ಸಹಿ ಹಾಕಿದರು. ನದಿಯ ಪೂರ್ವಕ್ಕಿರುವುದೆಲ್ಲ ಅಮೆರಿಕದವರದು ಎಂದಾಯಿತು. ನಿಮ್ಮ ಹೊಲ ಮನೆ ನಿಮಗೇ ಇರುತ್ತವೆ ಎಂದೂ ಆ ಕಾಗದದಲ್ಲಿ ಬರೆದಿತ್ತಂತೆ. ಆದರೆ ಟೆಕ್ಸಾಸ್ ಕಡೆಯಿಂದ ಗಾಡಿ ಹೊಡೆದುಕೊಂಡು ಬಂದವರ ಕೈಯಲ್ಲಿ ಬೇರೆ ಕಾಗದಗಳಿದ್ದವು.

ಒಂದು ಬೆಳಿಗ್ಗೆ ಅತ್ತೆ ಬೀನ್ಸ್ ಹೊಲಕ್ಕೆ ಹೋದರೆ ಕೆಂಪು ಗಡ್ಡದವನೊಬ್ಬ ಸಾಲುಗಳ ನಡುವೆ ಗೂಟ ಹೊಡೆಯುತ್ತಿದ್ದ. ನಮ್ಮ ಸ್ಪ್ಯಾನಿಶ್ ಮಾತು ಅವನಿಗೆ ಅರ್ಧಂಬರ್ಧ ಬರುತ್ತಿತ್ತು.

"ಈ ಜಾಗ ನಂದು ಅಮ್ಮಾ. ನನ್ನ ಹತ್ರ ಕಾಗದ ಇದೆ" ಎಂದ.

"ನಿನ್ನ ಹತ್ರ ಕಾಗದ ಇದೆ, ನನ್ನ ಹತ್ರ ಬೀನ್ಸ್ ಇದೆ. ಎರಡನ್ನೂ ಒಲೆ ಮೇಲಿಡೋಣ, ಯಾವುದು ಬೇಯುತ್ತೋ ನೋಡೋಣ."

ಅವನಿಗೆ ಎಷ್ಟು ಅರ್ಥವಾಯಿತೋ, ನಕ್ಕು ಟೋಪಿ ಎತ್ತಿ ಹೋದ. ಅವನ ಬೆನ್ನು ಮರೆಯಾಗುತ್ತಿದ್ದಂತೆ ಅತ್ತೆ ನಾಲ್ಕೂ ಗೂಟ ಕಿತ್ತು ಮನೆಗೆ ತಂದು ಆ ದಿನದ ಅಡಿಗೆಗೆ ಉರಿಸಿದಳು. ಒಳ್ಳೆಯ ಓಕ್ ಮರವಂತೆ. ತುಂಬ ಹೊತ್ತು ಕೆಂಡ ನಿಂತಿತ್ತಂತೆ. ಈ ಕಥೆ ಹೇಳುವಾಗಲೆಲ್ಲ ಅವಳು ಇಲ್ಲಿಗೆ ನಿಲ್ಲಿಸಿ ನಗುತ್ತಿದ್ದಳು. ಮುಂದಿನದನ್ನು ನನಗೆ ಹೇಳಿದವನು ನನ್ನ ತಂದೆ.

ನಾಲ್ಕು ದಿನ ಬಿಟ್ಟು ಅವನು ಬಂದೂಕಿನ ಮೂವರನ್ನು ಕರೆದುಕೊಂಡು ಬಂದ. ಕುದುರೆಗಳನ್ನು ಹೊಲಕ್ಕೆ ನುಗ್ಗಿಸಿದರು. ಅಡ್ಡ ನಿಂತ ಪ್ಲಾಸಿದೊ ಮಾವನಿಗೆ ಬಂದೂಕಿನ ಹಿಡಿಯಿಂದ ಹೊಡೆದು ಬಲ ಹೆಗಲಿನ ಎಲುಬು ಮುರಿದರು. ಎಲುಬು ಕೂಡಿಕೊಂಡಿತು, ಆದರೆ ಆ ಕೈ ಮತ್ತೆ ಎಂದೂ ಭುಜಕ್ಕಿಂತ ಮೇಲೆ ಹೋಗಲಿಲ್ಲ. ದೂರು ಹೇಳಲು ಹೋದರೆ ಕೇಳುವವನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲೇ ನದಿಯ ಆಚೆ ಹೋಗುವ ಮಾತು ಹುಟ್ಟಿತು. ಪಶ್ಚಿಮ ದಡ ಇನ್ನೂ ಮೆಕ್ಸಿಕೊದ್ದು. ಬಂದವರಿಗೆ ಹೊಲ ಹಂಚುತ್ತೇವೆಂದು ಅಲ್ಲಿನ ಸರ್ಕಾರದವರು ಹೇಳಿ ಕಳಿಸಿದ್ದರು.

"ಒಂದು ಹರದಾರಿ ಆಚೆ ನಮ್ಮ ದೇಶ ಇದೆ ಕಣೇ" ಎಂದ ಮಾವ, ಕೈಯನ್ನು ಕೊರಳಿಗೆ ಕಟ್ಟಿಕೊಂಡೇ.

"ದೇಶ ಇರಬಹುದು. ಗೋಡೆ ಇದೆಯಾ ಅಲ್ಲಿ?"

"ಗೋಡೆ ಕಟ್ಟೋಣ."

"ಕಟ್ಟೋಣ ಅಂತೀಯ. ಮೆತ್ತೋಳು ಯಾರು?"

ಮಾವ ಅವಳ ಮುಖವನ್ನೇ ನೋಡಿದ. "ನಾನು ಇಲ್ಲಿದ್ರೆ ಒಂದು ದಿನ ಯಾರನ್ನಾದ್ರೂ ಕೊಂದುಬಿಡ್ತೀನಿ ಕಸೀ. ಇಲ್ಲ, ನನ್ನನ್ನೇ ಕೊಂದುಬಿಡ್ತಾರೆ."

ಅದಾದ ಮೇಲೆ ಅತ್ತೆ ವಾದ ಮಾಡಲಿಲ್ಲ.

ನಮ್ಮ ಸೀಮೆಯಲ್ಲಿ ಮಣ್ಣಿಗೆ ಬರವಿಲ್ಲ, ಮರಕ್ಕೆ ಬರ. ತೊಲೆಗಳನ್ನು ಮೂರು ದಿನದ ದಾರಿಯ ಬೆಟ್ಟದಿಂದ ತರಬೇಕು. ಆದ್ದರಿಂದ ಹೊರಡುವವರೆಲ್ಲ ತಮ್ಮ ಮಾಡು ಬಿಚ್ಚಿ ತೊಲೆ, ಬಾಗಿಲುಗಳನ್ನು ಗಾಡಿಗೆ ಹೇರಿದರು; ಗೋಡೆಗಳನ್ನು ಮಾತ್ರ ಬಿಟ್ಟರು. ಎವುಲಾಲಿಯಾ ದೊಡ್ಡತ್ತೆ ಬರಲಿಲ್ಲ. ಅವಳ ಗಂಡನಿಗೆ ದ್ರಾಕ್ಷಿ ತೋಟವಿತ್ತು. ದ್ರಾಕ್ಷಿ ಬಳ್ಳಿಯನ್ನು ಗಾಡಿಗೆ ಹೇರಲಾಗುವುದಿಲ್ಲ. ತಂಗಿ ಹೊರಡುವ ದಿನ ಅವಳು ಮಾಡು ಬಿಚ್ಚಿದ ಆ ಮನೆಯೊಳಗೆ, ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡುತ್ತ ನಿಂತಿದ್ದಳಂತೆ.

"ಹೋಗು ಹೋಗು. ನಿನ್ನ ದೇಶದ ಹುಂಜ ಕೂಗಿದ್ರೆ ನನ್ನ ದೇಶದಲ್ಲಿ ಎಚ್ಚರ ಆಗುತ್ತೆ."

"ಹಾಗಾದ್ರೂ ಬೇಗ ಏಳ್ತೀಯ."

ಇಬ್ಬರೂ ನಕ್ಕರು. ಆಮೇಲೆ ದೊಡ್ಡತ್ತೆ ಅವಳ ಶಾಲನ್ನು ಸರಿಮಾಡುತ್ತ, ದನಿ ತಗ್ಗಿಸಿ, "ಮಕ್ಕಳ ಗೋರಿ ನಾನು ನೋಡ್ಕೋತೀನಿ, ನೀನು ತಿರುಗಿ ನೋಡ್ಬೇಡ" ಎಂದಳು. ಅತ್ತೆ ತಿರುಗಿ ನೋಡಿದಳು. ಹೊಳೆಯ ನಡುವೆ, ಮೊಣಕಾಲುದ್ದದ ತಣ್ಣನೆಯ ನೀರಿನಲ್ಲಿ ನಿಂತು ತುಂಬ ಹೊತ್ತು ನೋಡಿದಳು. ಹಿಂದಿನ ಗಾಡಿಯವರು ಕೂಗಿದ ಮೇಲೆಯೇ ಹೆಜ್ಜೆ ಹಾಕಿದ್ದು.

ಲಾ ವೆಗಿಟಾ ಹುಟ್ಟಿದ್ದು ಹೀಗೆ, ಸಾವಿರದ ಎಂಟುನೂರ ಐವತ್ತರ ಫೆಬ್ರವರಿಯಲ್ಲಿ. ಬೇಸಿಗೆಯ ಹೊತ್ತಿಗೆ ಹಳೆಯ ತೊಲೆಗಳು ಹೊಸ ಗೋಡೆಗಳ ಮೇಲೆ ಕೂತಿದ್ದವು. ಹದಿನೆಂಟು ಮನೆಗಳ ಗೋಡೆ ಮೆತ್ತಲು ಅತ್ತೆ ಮುಂದೆ ನಿಂತಳು.

ಆ ವರ್ಷ ಬೇಸಿಗೆ ಮುಗಿಯುವಾಗ ಆ ನೆಲದ ಮೊದಲಿನವರಾದ ಅಪಾಚೆ ಬುಡಕಟ್ಟಿನ ಹೆಂಗಸೊಬ್ಬಳು, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಮನೆಯ ಹಿಂದಿನ ಜಾಲಿ ತೋಪಿಗೆ ಬಂದಳು. ಆ ಮರಗಳ ಸಿಹಿ ಕಾಯಿಗಳನ್ನು ಅವರು ಕುಟ್ಟಿ ಹಿಟ್ಟು ಮಾಡುತ್ತಾರೆ. ಅಪಾಚೆ ಎಂದರೆ ನಮ್ಮವರಿಗೆ ಕುರಿ ಹೊಡೆದುಕೊಂಡು ಹೋಗುವವರು, ಅವರಿಗೆ ನಾವು ತಲೆ ಕಡಿಯುವವರು, ಇಬ್ಬರದ್ದೂ ಸುಳ್ಳಲ್ಲ. ಅತ್ತೆ ಒಬ್ಬಳೇ ಇದ್ದಳು. ಕೈಯಲ್ಲಿ ಮಣ್ಣಿನ ಸಲಿಕೆ ಹಿಡಿದೇ ಹೊರಗೆ ಬಂದಳು.

ಆ ಹೆಂಗಸು ಹೆದರಲಿಲ್ಲ. ಮನೆಯನ್ನು ಒಂದು ಸುತ್ತು ನೋಡಿ, "ಇದು ಯಾವಾಗ ಬಂತು?" ಎಂದು ನಮ್ಮ ಮಾತಿನಲ್ಲೇ ಕೇಳಿದಳು.

"ಈ ವರ್ಷ. ಆಚೆ ದಡದಲ್ಲಿ ನಮ್ಮ ಹೊಲ ಕಿತ್ಕೊಂಡ್ರು. ಅದಕ್ಕೆ ಇಲ್ಲಿಗೆ ಬಂದ್ವಿ."

"ನಿಮ್ಮದು ಕಿತ್ಕೊಂಡ್ರಾ. ಅದಕ್ಕೆ ನಮ್ಮದರ ಮೇಲೆ ಕೂತ್ಕೊಂಡ್ರಾ?"

ಅತ್ತೆ ಸಲಿಕೆಯನ್ನು ಗೋಡೆಗೆ ಒರಗಿಸಿದಳು. ಒಳಗೆ ಹೋಗಿ ನಾಲ್ಕು ಮೆಕ್ಕೆಜೋಳದ ರೊಟ್ಟಿ ತಂದು ಕೊಟ್ಟಳು. ಹೆಂಗಸು ತೆಗೆದುಕೊಂಡಳು, ಉಪಕಾರವಾಯಿತೆಂದು ಹೇಳಲಿಲ್ಲ, ಬುಟ್ಟಿ ತುಂಬಿಸಿಕೊಂಡು ಹೋದಳು. ಮುಂದೆ ನಾಲ್ಕು ಬೇಸಿಗೆ ಬಂದಳು. ನದಿಯ ಮೇಲ್ಭಾಗದಲ್ಲಿ ಸೈನಿಕರ ಕೋಟೆಗಳೆದ್ದ ಮೇಲೆ ಬರುವುದು ನಿಂತಿತು. ಆ ತೋಪಿನ ಒಂದು ಮರವನ್ನೂ ಅತ್ತೆ ಕಡಿಯಗೊಡಲಿಲ್ಲ. ಸೌದೆಗೆ ಪರದಾಡುವ ದಿನಗಳಲ್ಲೂ ಬಿಡಲಿಲ್ಲ. ಯಾರಾದರೂ ಕೇಳಿದರೆ, "ಅದು ಇನ್ನೊಬ್ಬರ ಮನೇದು" ಎನ್ನುತ್ತಿದ್ದಳು.

ನಾಲ್ಕು ವರ್ಷ ನಾವು ಮೆಕ್ಸಿಕೊದಲ್ಲಿದ್ದೆವು. ನಾನು ಹುಟ್ಟಿದ್ದು ಅದರ ನಡುವೆ. ಆಮೇಲೆ ಮೆಕ್ಸಿಕೊದ ದೊರೆಗಳೇ ನಮ್ಮ ದಡವನ್ನೂ, ಅದರ ಹಿಂದಿನ ಮರಳುಗಾಡನ್ನೂ ಅಮೆರಿಕದವರಿಗೆ ಮಾರಿದರು. ಅವರಿಗೆ ರೈಲು ಹಾಕಲು ಸಮತಟ್ಟಾದ ದಾರಿ ಬೇಕಿತ್ತಂತೆ. ಐವತ್ತನಾಲ್ಕರ ನವೆಂಬರಿನಲ್ಲಿ ಸೈನಿಕರು ಬಂದು ನಮ್ಮ ಚೌಕದಲ್ಲಿ ಕಂಬ ನೆಟ್ಟು ಬಾವುಟ ಏರಿಸಿದರು. ಅಧಿಕಾರಿ ಓದಿದ್ದನ್ನು ಇನ್ನೊಬ್ಬ ನಮ್ಮ ಮಾತಿನಲ್ಲಿ ಹೇಳಿದ: ಇಷ್ಟವಿದ್ದವರು ಇರಬಹುದು, ಇಲ್ಲದವರು ಹೊಸ ಗಡಿಯ ಆಚೆ ಹೋಗಬಹುದು. ಗಂಡಸರೆಲ್ಲ ಟೋಪಿ ತೆಗೆದರು. ಪ್ಲಾಸಿದೊ ಮಾವ ತೆಗೆಯಲಿಲ್ಲ.

"ಇವರು ನಮ್ಮ ಹಿಂದೇನೇ ಬಂದ್ರಲ್ಲೋ" ಎಂದು ಅತ್ತೆ ನನ್ನ ತಂದೆಯ ಕಿವಿಯಲ್ಲಿ ಹೇಳಿದಳು. "ನಾವೇನು ಅವರ ಮನೆ ಚಮಚ ಕದ್ಕೊಂಡು ಬಂದಿದ್ವಾ?"

ಮುಂದಿನ ಭಾನುವಾರ ಎವುಲಾಲಿಯಾ ದೊಡ್ಡತ್ತೆ ಕತ್ತೆಯ ಮೇಲೆ ಕೂತು, ಮಡಕೆ ತುಂಬ ಹಣ್ಣಿನ ಪಾಕ ಹಿಡಿದು ಬಂದಳು. ಬಾಗಿಲಲ್ಲೇ ದನಿಯೆತ್ತಿ, "ಬಾರಮ್ಮಾ ತಂಗೀ, ನಮ್ಮ ದೇಶಕ್ಕೆ ಬಾ! ನೀನು ಗಾಡಿ ಹೂಡಿ, ಹೊಳೆ ದಾಟಿ, ಮನೆ ಕಟ್ಟಿ ಬಂದೆ. ನಾನು ಕುರ್ಚಿಯಿಂದ ಏಳದೇನೇ ಬಂದೆ" ಎಂದಳು. ಅತ್ತೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವಳ ಮೇಲೆಸೆದಳು. ಒಳಗೆ ಕೂತಿದ್ದ ಮಾವ ನಗಲಿಲ್ಲ.

ಆ ಜನವರಿಯಲ್ಲಿ ಹನ್ನೊಂದು ಕುಟುಂಬಗಳು ದಕ್ಷಿಣಕ್ಕೆ, ಹೊಸ ಗಡಿಯಾಚೆ ಹೊರಟವು. ಮಾವ ತೊಲೆ ಬಿಚ್ಚಲು ಏಣಿ ತಂದ. ಅತ್ತೆ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಏಳೇ."

"ಏಳಲ್ಲ. ಮೂರು ಊರಲ್ಲಿ ಮೂರು ಮನೆ ಮೆತ್ತಿದ್ದೀನಿ. ನಾಲ್ಕನೇದು ಮೆತ್ತಲ್ಲ."

"ಇವರ ಕೆಳಗೆ ಬದುಕ್ತೀಯಾ?"

"ನಾನು ಈ ತೊಲೆ ಕೆಳಗೆ ಬದುಕ್ತೀನಿ. ಮೇಲೆ ಯಾರ ಬಾವುಟ ಅಂತ ಮಾಡಿಗೆ ಹತ್ತಿ ನೋಡಲ್ಲ. ನೀನು ಓಡ್ತಾ ಇರು ಪ್ಲಾಸಿದೊ, ಅವರು ಬರ್ತಾ ಇರ್ಲಿ. ಸಮುದ್ರ ಬಂದ ಮೇಲೆ ಎಲ್ಲಿಗೆ ಹೋಗ್ತೀಯ?"

ಮಾವ ಏಣಿಯನ್ನು ಗೋಡೆಗೆ ಒರಗಿಸಿಯೇ ಬಿಟ್ಟ. ಒಂದು ಕಂಬಳಿ, ಒಂದು ಸಲಿಕೆ, ಒಂದು ಕತ್ತೆ ತೆಗೆದುಕೊಂಡು ಹೋದ. ಮನೆ ಕಟ್ಟಿ ಕರೆಸಿಕೊಳ್ಳುತ್ತೇನೆಂದು ಹೇಳಿ ಹೋದನಂತೆ.

ಅವನು ಹೋಗಿ ಒಂದು ವರ್ಷವಾಯಿತು. ನನಗಾಗ ನಾಲ್ಕು ವರ್ಷ. ನನ್ನ ಮೊದಲ ನೆನಪು ಅದೇ ಇರಬೇಕು, ಅಥವಾ ಕೇಳಿ ಕೇಳಿ ನನ್ನದಾಗಿದೆ. ಮಾಗಿಯ ಬಿಸಿಲು. ಅತ್ತೆ, ಗಟ್ಟಿಯಾಗಲೆಂದು ಎತ್ತಿನ ರಕ್ತ ಕಲಸಿದ ಮಣ್ಣಿನಿಂದ ನೆಲ ಸಾರಿಸಿ, ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದಾಳೆ. ಕತ್ತೆಯನ್ನು ಹಿಡಿದುಕೊಂಡು ಒಬ್ಬ ಬಡಕಲು ಗಂಡಸು ಬೇಲಿಯ ಹತ್ತಿರ ನಿಂತಿದ್ದಾನೆ.

"ಅಲ್ಲಿ ಮಣ್ಣು ಸರಿ ಇಲ್ಲ" ಎಂದ ಅವನು.

ಅತ್ತೆ ತಲೆಯೆತ್ತದೆ, "ಉಪ್ಪಾ?" ಎಂದಳು.

"ಉಪ್ಪು."

"ಒಳಗೆ ಬರ್ಬೇಡ, ನೆಲ ಹಸಿ ಇದೆ. ಅಲ್ಲೇ ಕೂತ್ಕೋ. ಕತ್ತೆಗೆ ನೀರು ಕೊಡು ಮೊದಲು, ನಿನಗಿಂತ ಅದು ಸೊರಗಿದೆ."

ನೆಲ ಒಣಗುವವರೆಗೂ ಅವನು ಹೊರಗೇ ಕೂತಿದ್ದ. ಅವಳು ಅಲ್ಲಿಗೇ ಊಟ ತಂದುಕೊಟ್ಟಳು. ಆ ಒಂದು ವರ್ಷದ ವಿಚಾರವನ್ನು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾರನೆಯ ದಿನ ಅವನು ಕಾಲುವೆಯ ಹೂಳು ತೆಗೆಯಲು ಹೋದ. ಊರು ಎರಡು ದಿನ ಮಾತಾಡಿಕೊಂಡು ಸುಮ್ಮನಾಯಿತು.

ಆಮೇಲಿನ ಮೂವತ್ತು ವರ್ಷಗಳೇ ನನಗೆ ನಮ್ಮ ಊರು. ಹೆಚ್ಚು ಹೇಳುವುದಕ್ಕೇನಿಲ್ಲ. ಕಾಲುವೆಗೆ ನೀರು ಬಿಡುವ ದಿನದ ಪೂಜೆ, ದ್ರಾಕ್ಷಿ ತುಳಿದು ಕೆಂಪಾದ ನಮ್ಮ ಕಾಲುಗಳು, ಮಾಡಿನ ಮೇಲೆ ಒಣಗುವ ಮೆಣಸಿನಕಾಯಿ, ಗೋಡೆಯಾಚೆಯಿಂದ ಸಾಲ ಕೇಳುವ ಉಪ್ಪು. ನನ್ನ ಮದುವೆಯ ಮನೆಯ ಗೋಡೆಯನ್ನು ಅತ್ತೆಯೇ ಮೆತ್ತಿದಳು. ನಾನು ಮೆತ್ತಿದ ಮೂಲೆಯನ್ನು ನೋಡಿ, "ಇದೇನೇ ಲಿಬ್ರಾದಾ, ಕೋಳಿ ಕೆದರಿದ ಹಾಗಿದೆ" ಎಂದು ಕೆರೆದು ತೆಗೆದಳು. ಅಳುತ್ತ ಮತ್ತೆ ಮೆತ್ತಿದೆ. ಈಗ ಆ ಬೈಗುಳಕ್ಕೆ ಏನು ಬೇಕಾದರೂ ಕೊಟ್ಟೇನು.

ಎಂಬತ್ತಾರರಲ್ಲಿ ಕಷ್ಟ ಬಂತು. ರೈಲು ಬಂದು ಐದು ವರ್ಷವಾಗಿತ್ತು. ಅದರ ಹಿಂದೆ ದನದ ವ್ಯಾಪಾರದ ಒಂದು ಕಂಪನಿ ಬಂತು. ಲಾ ವೆಗಿಟಾ ಎಂಬ ಊರು ಐವತ್ತನಾಲ್ಕರಲ್ಲಿ ಗಡಿ ಬದಲಾದ ಮೇಲೆ ಹುಟ್ಟಿದ್ದು, ಆದ್ದರಿಂದ ಅಲ್ಲಿಯವರಿಗೆ ಮೆಕ್ಸಿಕೊ ಕೊಟ್ಟ ಹಕ್ಕು ಸುಳ್ಳು, ಜಮೀನು ತಮ್ಮದು ಎಂದು ಅವರು ಅರ್ಜಿ ಹಾಕಿದರು. ನಮ್ಮ ಹಳೆಯ ಕಾಗದಗಳು ಒಂದು ಪ್ರವಾಹದಲ್ಲಿ ನೆನೆದು ಮುದ್ದೆಯಾಗಿದ್ದವು. ವಿಚಾರಣೆಗೆ ಸರ್ಕಾರ ಒಬ್ಬ ಮೋಜಣಿದಾರನನ್ನು ಕಳಿಸಿತು. ಕನ್ನಡಕದ, ತೆಳ್ಳನೆಯ, ಬಿಸಿಲಿಗೆ ಮೂಗು ಸುಲಿದ ಮನುಷ್ಯ. ನಮ್ಮ ಮಾತನ್ನು ಚೆನ್ನಾಗಿ ಆಡುತ್ತಿದ್ದ. ಮನೆ ಮನೆಗೂ ಬಂದು ಕೇಳಿದ.

ಅತ್ತೆಗಾಗ ಅರವತ್ತೈದು. ಮಾವ ಒಲೆಯ ಪಕ್ಕದ ಕಟ್ಟೆಯಲ್ಲಿ ಕೂತು ಕಾಳು ಸುಲಿಯುತ್ತಿದ್ದ. ನಾನು ಬಾಗಿಲಲ್ಲಿದ್ದೆ.

"ಈ ಮನೆ ಯಾವ ವರ್ಷದ್ದು ಅಜ್ಜೀ?"

"ಐವತ್ತರದ್ದು."

"ಬರಹ ಏನಾದ್ರೂ ಇದೆಯಾ?"

"ಇದೆ" ಎಂದಳು ಅತ್ತೆ. ನಾವೆಲ್ಲ ಬೆರಗಾಗಿ ಅವಳನ್ನೇ ನೋಡಿದೆವು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

ಅಡಿಗೆಯ ಚಾಕು ತೆಗೆದುಕೊಂಡು ಒಲೆಯ ಪಕ್ಕದ ಗೋಡೆಯನ್ನು ಅಂಗೈಯಗಲ, ಓರೆಯಾಗಿ ಕೊರೆದಳು. ಬಿಳಿ ಪದರ, ಅದರ ಕೆಳಗೆ ಹೊಗೆಯ ಕಪ್ಪು ಗೆರೆ, ಮತ್ತೆ ಬಿಳಿ, ಮತ್ತೆ ಕಪ್ಪು. ವರ್ಷವಿಡೀ ಒಲೆ ಹೊಗೆಯಾಡುತ್ತದೆ, ಈಸ್ಟರಿಗೆ ಒಂದು ಸಲ ಬಳಿಯುತ್ತೇವೆ.

"ಎಣಿಸಪ್ಪಾ" ಎಂದಳು. "ಕಟ್ಟಿದ ವರ್ಷದಿಂದ ಈ ವರ್ಷದವರೆಗೆ ಮೂವತ್ತೇಳು ಆಗ್ಬೇಕು."

ಮೋಜಣಿದಾರ ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ತೆಗೆದು, ಮೊಣಕಾಲೂರಿ ಕೂತ. ಎರಡು ಸಲ ಎಣಿಸಿದ. ಅವನ ಹಿಂದೆ ಬಗ್ಗಿ ನಾವೂ ಎಣಿಸಿದೆವು.

"ಮೂವತ್ತಾರು ಇದೆ. ಒಂದು ಕಡಿಮೆ." ಅವನು ಚಾಕುವಿನ ತುದಿಯಿಂದ ತೋರಿಸಿದ. "ನೋಡಿ, ಕೆಳಗಿನಿಂದ ಐದನೇದರ ಮೇಲೆ ಕಪ್ಪು ಗೆರೆ ದಪ್ಪ ಇದೆ. ಎರಡು ವರ್ಷದ ಹೊಗೆ. ಐವತ್ತೈದರಲ್ಲಿ ನೀವು ಬಳಿದಿಲ್ಲ. ಯಾಕೆ?"

ಅತ್ತೆ ಹತ್ತಿರ ಬಂದಳು. ಗೋಡೆಯ ಮುಂದೆ ಬಗ್ಗಿ, ಆ ಗೆರೆಯನ್ನು ತಾನೇ ನೋಡಿದಳು. ಮಾವನ ಕೈಯಲ್ಲಿ ಕಾಳಿನ ಸದ್ದು ನಿಂತಿತು.

"ಆ ವರ್ಷ ಇವರು ಮನೇಲಿರಲಿಲ್ಲ" ಎಂದಳು ಕೊನೆಗೆ. "ಯಾರಿಗೆ ಅಂತ ಬಳೀಲಿ?"

ಮೋಜಣಿದಾರ ಪುಸ್ತಕದಲ್ಲಿ ಏನೋ ಬರೆದುಕೊಂಡ. ಟೋಪಿ ಹಾಕಿಕೊಳ್ಳುವಾಗ, "ಸುಳ್ಳು ಹೇಳುವ ಗೋಡೆ ಆಗಿದ್ರೆ ಸರಿಯಾಗಿ ಮೂವತ್ತೇಳು ಇರ್ತಿತ್ತು ಅಜ್ಜೀ" ಎಂದ. ಆ ವಾರವೆಲ್ಲ ಅವನು ಹಳೆಯ ಮನೆಗಳ ಗೋಡೆ ಕೊರೆಯುತ್ತ ತಿರುಗಿದ.

ಅವನು ಹೋದ ಮೇಲೆ ಅತ್ತೆ ರೊಟ್ಟಿ ತಟ್ಟಲು ಕೂತಳು. ಮಾವ ಕಟ್ಟೆಯಿಂದಲೇ, "ನೀನು ಹೇಳಿರ್ಲಿಲ್ಲ" ಎಂದ.

"ನೀನು ಕೇಳಿರ್ಲಿಲ್ಲ."

"ಅಲ್ಲಿ ಮಣ್ಣು ಚೆನ್ನಾಗೇ ಇತ್ತು ಕಸೀ."

"ಗೊತ್ತು. ನಿನ್ನ ಸಲಿಕೆಗೆ ಅಂಟ್ಕೊಂಡು ಬಂದಿದ್ದನ್ನ ನಾಲಗೆ ಮೇಲಿಟ್ಟು ನೋಡಿದ್ದೆ."

ಮಾವ ನಕ್ಕ. ಅವನು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ. ಊಟವಾದ ಮೇಲೆ ಬಟ್ಟಲಲ್ಲಿ ಸುಣ್ಣ ಕಲಸಿ, ಎಡಗೈಯಿಂದ ಆ ಕೊರೆದ ಜಾಗವನ್ನು ತುಂಬಿದ. ಉಬ್ಬುತಗ್ಗಾಗಿ, ಸೋರಿ, ಹೇಸಿಗೆಯಾಗಿ ಕಂಡಿತು. ನಾನು ಸರಿಮಾಡಲು ಹೋದರೆ ಅತ್ತೆ ನನ್ನ ಕೈ ಹಿಡಿದಳು. "ಇರ್ಲಿ ಬಿಡು" ಎಂದಳು.

ತೀರ್ಪು ಬರಲು ಏಳು ವರ್ಷ ಹಿಡಿಯಿತು. ಮನೆಗಳು, ಕಾಲುವೆ, ಹೊಲಗಳು ನಮಗೇ ಉಳಿದವು. ಕುರಿ ಮೇಯಿಸುವ ಗುಡ್ಡಗಾಡು, ಸೌದೆಯ ಕಾಡು ಕಂಪನಿಗೆ ಹೋದವು. ಅಲ್ಲಿ ಗೋಡೆಗಳಿರಲಿಲ್ಲವಲ್ಲ, ಸಾಕ್ಷಿ ಹೇಳಲು. ಕುರಿ ಸಾಕುತ್ತಿದ್ದ ಏಳೆಂಟು ಕುಟುಂಬಗಳು ಗಣಿಗಳ ಕಡೆ ಕೂಲಿಗೆ ಹೋದವು, ಮರಳಲಿಲ್ಲ.

ಆ ತೀರ್ಪು ಕೇಳಲು ಮಾವ ಇರಲಿಲ್ಲ. ಎಂಬತ್ತೊಂಬತ್ತರಲ್ಲಿ, ಕಾಲುವೆ ದಂಡೆಯ ಮೇಲೆ ನಡೆದು ಬಂದು, ದಣಿವಾಯಿತೆಂದು ಮಲಗಿದವನು ಏಳಲಿಲ್ಲ. ಅತ್ತೆ ಆ ಈಸ್ಟರಿಗೆ ಮನೆ ಬಳಿಯುತ್ತಾಳೋ ಇಲ್ಲವೋ ಎಂದು ನಾನು ಒಳಗೊಳಗೇ ಅಂಜಿದ್ದೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ, ಪೆಟ್ಟಿಗೆಗಳನ್ನೆಲ್ಲ ಒಬ್ಬಳೇ ಅಂಗಳಕ್ಕೆ ಎಳೆದುಹಾಕಿ, ಏಣಿ ಹತ್ತಿ ನಿಂತಿದ್ದಳು. "ಏನೇ ನೋಡ್ತೀಯ, ಬಟ್ಟಲು ಕೊಡು" ಎಂದಳು. "ಈ ಸಲ ಅವನು ಎಲ್ಲಿಗೂ ಓಡಿಹೋಗಿಲ್ಲ."

ಅವಳು ಇನ್ನೂ ಆರು ವರ್ಷ ಬದುಕಿದಳು. ಕೊನೆಯ ಎರಡು ವರ್ಷ ಏಣಿ ಹತ್ತಲಾಗದೆ, ಕೆಳಗೆ ಕುರ್ಚಿ ಹಾಕಿಸಿಕೊಂಡು ನನಗೆ ಹೇಳಿಕೊಡುತ್ತಿದ್ದಳು. ರೈಲು ನಿಲ್ದಾಣದ ಸುತ್ತ ಬೆಳೆದ ಪೇಟೆಯಲ್ಲಿ ಆಗಲೇ ಸುಟ್ಟ ಇಟ್ಟಿಗೆಯ ಮನೆಗಳೆದ್ದಿದ್ದವು. ಒಮ್ಮೆ ಅವಳನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಇಳಿದು, ಒಂದು ಗೋಡೆಯನ್ನು ಅಂಗೈಯಿಂದ ಸವರಿ, "ಗಟ್ಟಿ ಇದೆ. ವರ್ಷ ವರ್ಷ ಏನೂ ಮಾಡ್ಬೇಕಾಗಿಲ್ವಾ?" ಎಂದು ಕೇಳಿದಳು. ಇಲ್ಲವೆಂದೆ. "ಪಾಪ, ಈ ಮನೆ ಹೆಂಗಸರು ವಸಂತದಲ್ಲಿ ಏನು ಮಾಡ್ತಾರೆ?" ಎಂದಳು.

ಈಗ ನನ್ನ ಮಗಳೂ ಅಂಥದೇ ಮನೆಯಲ್ಲಿದ್ದಾಳೆ. ನಾನೂ ಅವಳ ಜೊತೆಗಿದ್ದೇನೆ. ತಂಪಾಗಿದೆ, ಮಳೆಗೆ ಸೋರುವುದಿಲ್ಲ. ಮಾರ್ಚ್ ಕಳೆದು ಏಪ್ರಿಲ್ ಬಂದಾಗ ಮಾತ್ರ ಕೈಗಳಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಹಸಿ ಸುಣ್ಣದ ವಾಸನೆ, ಅಂಗಳದಲ್ಲಿ ಬಿಸಿಲು ಕಾಯುವ ಮರದ ಸಂತರು, ಬೇಲಿಯ ಪಕ್ಕ ಗೊಣಗುವ ಗಂಡಸರು... ಆ ವಾರದಲ್ಲಿ ಊರು ಊರೇ ಮೈ ತೊಳೆದು ನಿಂತ ಹಾಗಿರುತ್ತಿತ್ತು. ಅಷ್ಟು ಬೆಳ್ಳಗಿನ ಮನೆಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ.